ದಸರಾದೊಳಗೆ ಇಳಿಯುತ್ತದೆ ಎಂದರು ಮಾಸ್ಟ್ರು

ಭಾನುವಾರ, ೭ ಜೂನ್ ೨೦೨೬. ಬೆಳಿಗ್ಗೆ ಹನ್ನೊಂದೂಕಾಲು. ಡೊಂಬಿವಲಿ ಪೂರ್ವ.

ಇವತ್ತು ಬೆಳಿಗ್ಗೆ ಕಲ್ಯಾಣ ಸ್ಟೇಷನ್ನಿನ ಹೊರಗೆ ಮಳೆಗೆ ಸಿಕ್ಕಿಬಿದ್ದೆ. ಒಂದು ಕೈಗಾಡಿಯವನು ತನ್ನ ಮಾಲಿನ ಮೇಲೆ ನೀಲಿ ಪ್ಲಾಸ್ಟಿಕ್ ಎಳೆಯುತ್ತಿದ್ದ. ಅದರ ಅಂಚಿನಡಿ ನಿಂತುಕೊಂಡೆ. ಗಾಡಿಯಲ್ಲಿದ್ದದ್ದು ಪಾತ್ರೆ ಒರೆಸುವ ಚೌಕಳಿ ಬಟ್ಟೆ. ವಿದೇಶಕ್ಕೆ ಹೋಗಬೇಕಾಗಿದ್ದು, ಹೋಗದೆ ಉಳಿದು, ಹೀಗೆ ರಸ್ತೆಬದಿಗೆ ಬಂದ ಮಾಲು. ಹೊಸ ಬಟ್ಟೆಯ ಗಂಜಿಗೆ ನೀರು ತಗುಲಿದಾಗ ನೆನೆಹಾಕಿದ ಅಕ್ಕಿಯಂಥ ಒಂದು ವಾಸನೆ ಏಳುತ್ತದೆ. ಹೋದ ಮಳೆಗಾಲದಲ್ಲಿ ಪ್ರತಿ ಭಾನುವಾರ ಆ ವಾಸನೆ ನಮ್ಮ ವಾಚನಾಲಯದ ಮೆಟ್ಟಿಲು ಹತ್ತಿ ಬರುತ್ತಿತ್ತು. ಅದರ ಹಿಂದೆ ಮಲ್ಲೇಶಣ್ಣ, ಅವರ ಹೆಂಡತಿ ರೇಣಕ್ಕ, ಮಗಳು ಭಾಗ್ಯ.

ಅವರು ಈಗ ಎಲ್ಲಿದ್ದಾರೆ ಎಂದು ನಮಗೆ ಗೊತ್ತಿಲ್ಲ. ಈ ತಿಂಗಳು ಮುಗಿಯುವುದರೊಳಗೆ ಗೊತ್ತಾಗಬೇಕು. ಯಾಕೆಂದು ಹೇಳುವುದಕ್ಕೆ ಹೋದ ಮಳೆಗಾಲವನ್ನೆಲ್ಲ ಹೇಳಬೇಕಾಗುತ್ತದೆ.

ನಾನು ಹುಟ್ಟಿದ್ದು, ಬೆಳೆದದ್ದು ಡೊಂಬಿವಲಿಯಲ್ಲೇ. ಮನೆಯಲ್ಲಿ ತುಳು, ಕಟ್ಟಡದ ಕೆಳಗೆ ಮರಾಠಿ, ಐರೋಲಿಯ ಆಫೀಸಿನಲ್ಲಿ ಹಿಂದಿ. ಅಲ್ಲಿ ನಾನು ಅಮೇರಿಕದ ಆಸ್ಪತ್ರೆಗಳ ಬಿಲ್ಲುಗಳನ್ನು ತಾಳೆ ನೋಡುತ್ತೇನೆ. ನನಗೆ ಕನ್ನಡ ಓದಲು, ಬರೆಯಲು ಕಲಿಸಿದವರು ವಾಮನ ಮಾಸ್ಟ್ರು. ಮುಂಬಯಿಯ ಒಂದು ಕನ್ನಡ ರಾತ್ರಿಶಾಲೆಯಲ್ಲಿ ಮೂವತ್ತೊಂದು ವರ್ಷ ಇತಿಹಾಸ ಹೇಳಿಕೊಟ್ಟವರು. ಶಾಲೆ ಮುಚ್ಚಿದ ಮೇಲೆ ಅದರ ಕರಿಹಲಗೆಯೊಂದನ್ನು ಟೆಂಪೋದಲ್ಲಿ ಹಾಕಿಸಿಕೊಂಡು ಬಂದು ನಮ್ಮ ಕನ್ನಡ ಸಂಘದ ವಾಚನಾಲಯದ ಗೋಡೆಗೆ ಹೊಡೆಸಿದರು. ಪ್ರತಿ ಭಾನುವಾರ ಹತ್ತು ಗಂಟೆಗೆ ಆ ಹಲಗೆಯ ಮುಂದೆ ನಿಂತು ವಿದೇಶದ ಸುದ್ದಿ ಹೇಳುತ್ತಿದ್ದರು. ವಿದೇಶ ಎಂದರೆ ಹೆಚ್ಚಿನ ಪಾಲು ಅಮೇರಿಕ.

"ಮಾಸ್ಟ್ರೇ, ನಮ್ಮ ದೇಶದ್ದು ಯಾಕೆ ಹೇಳುದಿಲ್ಲ ನೀವು?" ಎಂದು ಶೇಖರಣ್ಣ ಕೆಣಕುತ್ತಿದ್ದರು. ಶೇಖರಣ್ಣ ಸಂಘದ ಕಾರ್ಯದರ್ಶಿ. ಸ್ಟೇಷನ್ ಹತ್ತಿರ ಅವರದೊಂದು ಹೋಟೆಲಿದೆ.

"ನಮ್ಮ ದೇಶದ್ದು ಹೇಳಿದ್ರೆ ಅರ್ಧ ಜನ ಎದ್ದು ಹೋಗ್ತಾರೆ, ಉಳಿದರ್ಧ ಹೊಡೀಲಿಕ್ಕೆ ಬರ್ತಾರೆ. ಅಮೇರಿಕದ್ದು ಹೇಳಿದ್ರೆ ಎಲ್ಲರೂ ಚಾ ಕುಡೀತಾ ಕೇಳ್ತಾರೆ ಮಾರಾಯ."

"ಅದೂ ಸರಿ. ಚಾ ನಂದೇ ಅಲ್ವಾ."

ಮಾಸ್ಟ್ರ ಮಾತಿಗೆ ಒಂದು ಕಟ್ಟಳೆ ಇತ್ತು. ಕೊನೆಗೆ ಅವರು ಹಲಗೆಯ ಮೇಲೆ ಒಂದು ಪ್ರಶ್ನೆ ಬರೆಯುತ್ತಿದ್ದರು. ಅಲ್ಲಿಯ ಸಂಸತ್ತಿನಲ್ಲಿ ಇಂಥ ಮಸೂದೆ ಪಾಸಾಗುತ್ತದೋ ಇಲ್ಲವೋ? ಅಧ್ಯಕ್ಷರಿಗೂ ಅವರ ಶ್ರೀಮಂತ ಗೆಳೆಯರಿಗೂ ಜಗಳವಾಗುತ್ತದೋ ಇಲ್ಲವೋ? ಆಮೇಲೆ ತಮ್ಮ ಊಹೆ ಹೇಳಿ, "ಒಪ್ಪುವವರು ಕೈ ಎತ್ತಿ" ಎನ್ನುತ್ತಿದ್ದರು. ಉತ್ತರ ಗೊತ್ತಾದ ವಾರ ಹಲಗೆಯ ಬಲಮೂಲೆಯಲ್ಲಿ 'ಸರಿ' ಅಥವಾ 'ತಪ್ಪು' ಎಂಬ ಪದದ ಕೆಳಗೆ ಒಂದು ಗೀಟು ಬೀಳುತ್ತಿತ್ತು. ಗೀಟು ಹಾಕುವ ಕೆಲಸ ನನ್ನದು. ದಿನಚರಿ ಇಡುವವಳೆಂದು ನನಗೆ ಕೊಟ್ಟಿದ್ದರು. ಜುಲೈ ಕೊನೆಗೆ ಸರಿ ಹದಿನಾಲ್ಕು, ತಪ್ಪು ನಾಲ್ಕು. ಹೋಟೆಲಿನ ಗಲ್ಲಾದಲ್ಲಿ ಕೂತು ಶೇಖರಣ್ಣ ಇದನ್ನು ಗಿರಾಕಿಗಳಿಗೆಲ್ಲ ಹೇಳುತ್ತಿದ್ದರು: "ನಮ್ಮ ಮಾಸ್ಟ್ರು ಹೇಳಿದ್ದು ತಪ್ಪುದೇ ಇಲ್ಲ."

ಮಲ್ಲೇಶಣ್ಣ ಮೊದಲ ಸಲ ಬಂದದ್ದು ಕಳೆದ ಜೂನಿನ ಮೊದಲ ಮಳೆಯಲ್ಲಿ. ವಿಜಯಪುರದ ಕಡೆಯವರು. ಭಿವಂಡಿಯ ಒಂದು ಹೊಲಿಗೆ ಘಟಕದಲ್ಲಿ ಮಾಲು ಮಡಚಿ ಪೆಟ್ಟಿಗೆ ತುಂಬುವ ಕೆಲಸ. ರೇಣಕ್ಕ ಅದೇ ಘಟಕದಲ್ಲಿ ಬಟ್ಟೆಯ ಅಂಚು ಹೊಲಿಯುತ್ತಿದ್ದರು. ಭಿವಂಡಿಯಲ್ಲಿ ಮಗ್ಗಗಳಿಗೆ ಶುಕ್ರವಾರ ರಜೆಯಾದರೆ ಇವರ ಘಟಕಕ್ಕೆ ಭಾನುವಾರ. ಬಸ್ಸಿನಲ್ಲಿ ಕಲ್ಯಾಣಕ್ಕೆ ಬಂದು, ಅಲ್ಲಿಂದ ಲೋಕಲ್ ಹಿಡಿದು, ಭಾಗ್ಯಳನ್ನು ಕರೆತರುತ್ತಿದ್ದರು. ಏಳನೆಯ ಕ್ಲಾಸಿನ ಭಾಗ್ಯಳಿಗೆ ಮರಾಠಿ ಓದಲು ಬರುತ್ತಿತ್ತು, ಕನ್ನಡ ಬರುತ್ತಿರಲಿಲ್ಲ. ಮಾಸ್ಟ್ರು ಅವಳಿಗೆ ಒಂಬತ್ತರಿಂದ ಹತ್ತರವರೆಗೆ ಅಕ್ಷರ ಹೇಳಿಕೊಡುತ್ತಿದ್ದರು. ಹತ್ತಕ್ಕೆ ಅಪ್ಪ ಅಮ್ಮ ಇಬ್ಬರೂ ಮುಂದಿನ ಸಾಲಿನಲ್ಲಿ ಅಮೇರಿಕ ಕೇಳಲು ಕೂರುತ್ತಿದ್ದರು.

"ನಮಗ ಬೇಕ ಬೇಕ್ರಿ ಸರ ಅಮೇರಿಕದ ಸುದ್ದಿ," ಎಂದರು ಮಲ್ಲೇಶಣ್ಣ, ಮೊದಲ ದಿನವೇ. "ನಮ್ಮಾಕಿ ಹೊಲಿದ ಬಟ್ಟಿ ಎಲ್ಲಾ ಅಲ್ಲೇ ಹೊಕ್ಕಾವು. ಅವ್ರು ಪಾತ್ರಿ ವರ್ಸೂದು ಬಿಟ್ರ ನಾವು ಉಣ್ಣೂದು ಬಿಡಬೇಕಾಕ್ಕೈತಿ."

ಎಲ್ಲರೂ ನಕ್ಕರು. ಮಾಸ್ಟ್ರಿಗೆ ಆ ಮಾತು ಎಷ್ಟು ಹಿಡಿಸಿತೆಂದರೆ ಅವತ್ತಿನ ವಿಷಯ ಬಿಟ್ಟು ತಮ್ಮ ಪ್ರೀತಿಯ ಪಾಠ ಎತ್ತಿಕೊಂಡರು. ಅಮೇರಿಕದಲ್ಲಿ ಅಂತರ್ಯುದ್ಧ ನಡೆದಾಗ ಅಲ್ಲಿಯ ಹತ್ತಿ ಇಂಗ್ಲೆಂಡಿನ ಗಿರಣಿಗಳಿಗೆ ಹೋಗುವುದು ನಿಂತಿತು. ಆಗ ಎಲ್ಲರೂ ಮುಂಬಯಿಯ ಹತ್ತಿಗೆ ಮುಗಿಬಿದ್ದರು. ಇಲ್ಲಿ ಹಣ ಹೊಳೆಯಾಗಿ ಹರಿಯಿತು, ಹೊಸ ಬ್ಯಾಂಕುಗಳೆದ್ದವು, ಸಮುದ್ರ ತುಂಬಿಸಿ ನೆಲ ಮಾಡುವ ಕಂಪನಿಗಳೆದ್ದವು. ಯುದ್ಧ ಮುಗಿದ ಸುದ್ದಿ ಬಂದಾಗ ಎಲ್ಲವೂ ಕುಸಿಯಿತು. "ಅಲ್ಲಿ ಶಾಂತಿಯಾಯ್ತು, ಇಲ್ಲಿ ಜನ ದಿವಾಳಿಯಾದ್ರು," ಎಂದು ಮಾಸ್ಟ್ರು ಚಾಕ್ ಕೆಳಗಿಟ್ಟರು. ರೇಣಕ್ಕ ಅಲ್ಲಿಯವರೆಗೂ ಬಾಯಿ ತೆರೆದಿರಲಿಲ್ಲ. ಆಗ ಕೇಳಿದರು: "ಹತ್ತಿ ಹೊರೂ ಮಂದೀನು ಇದ್ರಲ್ರಿ ಸರ. ಅವ್ರೇನಾದ್ರು?"

"ಅದು ಪುಸ್ತಕದಲ್ಲಿ ಇಲ್ಲಮ್ಮ," ಎಂದರು ಮಾಸ್ಟ್ರು. ನನ್ನ ದಿನಚರಿಯಲ್ಲಿ ಆ ಪ್ರಶ್ನೆಯೂ ಇದೆ, ಉತ್ತರವೂ ಇದೆ. ಅವತ್ತು ಯಾಕೆ ಬರೆದುಕೊಂಡೆನೋ ಗೊತ್ತಿಲ್ಲ.

ಆಗಸ್ಟ್ ಮೊದಲ ವಾರ ಅಮೇರಿಕ ನಮ್ಮ ಮಾಲಿನ ಮೇಲೆ ಸುಂಕ ಏರಿಸಿತು. ಅದೇ ವಾರದಲ್ಲಿ, ಅದನ್ನು ಇನ್ನೂ ಒಂದು ಪಾಲು ಏರಿಸುವುದಾಗಿ ಹೇಳಿತು. ಆಗಸ್ಟ್ ಹತ್ತರ ಭಾನುವಾರ ಮಳೆಯಲ್ಲೂ ವಾಚನಾಲಯ ತುಂಬಿತ್ತು. ಛತ್ರಿಗಳಿಂದ ಇಳಿದ ನೀರು ಕುರ್ಚಿಗಳ ಕೆಳಗೆ ಹರಿಯುತ್ತಿತ್ತು. ಮಾಸ್ಟ್ರು ಹುರುಪಿನಲ್ಲಿದ್ದರು. ತೆರಿಗೆಯ ಜಗಳದಿಂದಲೇ ಹುಟ್ಟಿದ ದೇಶ ಅದು, ಚಹಾದ ಪೆಟ್ಟಿಗೆಗಳನ್ನು ಸಮುದ್ರಕ್ಕೆ ಎಸೆದವರು, ಹಿಂದೊಮ್ಮೆ ಹೀಗೇ ಸುಂಕ ಏರಿಸಿ ತಾವೇ ಕೈ ಸುಟ್ಟುಕೊಂಡವರು ಎಂದೆಲ್ಲ ಹೇಳಿದರು. ಮಾತು ಮುಗಿಯುವ ಮೊದಲೇ ಮಲ್ಲೇಶಣ್ಣ ಎದ್ದು ನಿಂತರು.

"ಸರ, ಒಂದ್ ಮಾತು ಕೇಳ್ಲೇನ್ರಿ? ನಮ್ಮ ಶೇಟ್ ವಾರದಾಗ ಮೂರ ದಿನ ಕೆಲಸ ಅಂದಾನ್ರಿ. ಶಹಾಡದಾಗ ಇವಳ ಅಣ್ಣ ಅದಾನ. ಅವ ಭಿವಂಡಿ ಬಾಜೂಕ ದೊಡ್ಡ ಗೋದಾಮಿನಾಗ ನಮ್ಮಿಬ್ಬರಿಗೂ ಮಾತಾಡ್ಯಾನ. ಗಣಪತಿ ಕೂಡೂದ್ರಾಗ ಬಾ ಅಂತಾನ. ಹೋದ್ರ ಇವಳು ಹೊಲಿಗಿ ಮಿಶನ್ ಬಿಟ್ಟು ಡಬ್ಬಾ ಎತ್ತಬೇಕ್ರಿ. ಮೊದಲ ಇವಳ ನಡಾ ಸರಿ ಇಲ್ಲ. ಈ ಸುಂಕ ಎಂದ ಇಳೀತೈತಿ ಹೇಳ್ರಿ ಸರ. ಇರೂಣೋ, ಹೋಗೂಣೋ?"

ಇಷ್ಟು ನೇರವಾದ ಪ್ರಶ್ನೆಯನ್ನು ಆ ಹಲಗೆಯ ಮುಂದೆ ಯಾರೂ ಕೇಳಿರಲಿಲ್ಲ. ಮಾಸ್ಟ್ರು ಕನ್ನಡಕ ತೆಗೆದು ಶರ್ಟಿಗೆ ಒರೆಸಿಕೊಂಡರು. ಆಮೇಲೆ ಹಲಗೆಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದರು: ಸುಂಕ ದಸರಾದೊಳಗೆ ಇಳಿಯುತ್ತದೋ?

"ಇಳೀತದೆ," ಎಂದರು. "ಅಲ್ಲಿ ಅಂಗಡಿಗಳಲ್ಲಿ ಸಾಮಾನಿಗೆ ರೇಟು ಏರ್ತದೆ, ಜನ ಬೊಬ್ಬೆ ಹೊಡೀತಾರೆ, ಇವರು ಇಳಿಸ್ತಾರೆ. ಅವಸರ ಮಾಡ್ಬೇಡ ಮಾರಾಯ. ಕೈಯಲ್ಲಿದ್ದ ಕಸುಬು ಬಿಡ್ಬೇಡ."

"ಇಳೀಲಿಲ್ಲಂದ್ರ, ಸರ?" ಎಂದರು ರೇಣಕ್ಕ.

ಮಾಸ್ಟ್ರು ನಗುತ್ತ ಚಾಕಿನ ತುದಿಯಿಂದ ಬಲಮೂಲೆಯ ಗೀಟುಗಳನ್ನು ತೋರಿಸಿದರು. ಶೇಖರಣ್ಣ ಹಿಂದಿನಿಂದ, "ಹದಿನಾಲ್ಕಕ್ಕೆ ನಾಲ್ಕು ರೇಣಮ್ಮ! ಸಟ್ಟಾ ಬಜಾರಿನಲ್ಲೂ ಇಷ್ಟು ಗ್ಯಾರಂಟಿ ಸಿಗುದಿಲ್ಲ!" ಎಂದು ಕೂಗಿದರು. ಎಲ್ಲರೂ ಕೈ ಎತ್ತಿದರು. ಮಲ್ಲೇಶಣ್ಣ ಎರಡೂ ಕೈ ಎತ್ತಿದರು. ರೇಣಕ್ಕ ಎತ್ತಲಿಲ್ಲ. ಸೆರಗಿನಿಂದ ಮಗಳ ಒದ್ದೆ ತಲೆ ಒರೆಸುತ್ತ ಕೂತಿದ್ದರು.

ಅವರು ಗೋದಾಮಿಗೆ ಹೋಗಲಿಲ್ಲ.

ಮುಂದಿನ ವಾರ ಲೋಕಲ್ಲುಗಳೇ ನಿಲ್ಲುವಂಥ ಮಳೆ ಬಂತು. ಗಣೇಶ ಚೌತಿಯ ದಿನವೇ ಏರಿದ ಸುಂಕ ಜಾರಿಯಾಯಿತು. ಸೆಪ್ಟೆಂಬರಿನಲ್ಲಿ ಘಟಕದ ಕೆಲಸ ಮೂರು ದಿನದಿಂದ ಎರಡಕ್ಕೆ ಇಳಿಯಿತು. ಮಲ್ಲೇಶಣ್ಣ ಪ್ರತಿ ಭಾನುವಾರ ಬರುತ್ತಿದ್ದರು. ಒಳಗೆ ಬರುವಾಗಲೇ ಮಾಸ್ಟ್ರ ಮುಖ ನೋಡುತ್ತಿದ್ದರು, ಡಾಕ್ಟರರ ಮುಖ ನೋಡುವ ಹಾಗೆ. "ಏನರ ಹೊಸಾದು, ಸರ?" ಮಾಸ್ಟ್ರು ಒಂದಲ್ಲ ಒಂದು ಹೇಳುತ್ತಿದ್ದರು. ಅಲ್ಲಿಯ ಕೋರ್ಟಿನಲ್ಲಿ ಕೇಸು ನಡೆಯುತ್ತಿದೆ, ಮಾತುಕತೆಗೆ ಅಧಿಕಾರಿಗಳು ಬಂದಿದ್ದಾರೆ, ಅಧ್ಯಕ್ಷರು ನಿನ್ನೆ ಸ್ವಲ್ಪ ಮೆತ್ತಗೆ ಮಾತಾಡಿದ್ದಾರೆ. ಮೊದಲು ವಾರಕ್ಕೊಂದು ಪತ್ರಿಕೆ ತರುತ್ತಿದ್ದವರು ಈಗ ನಾಲ್ಕು ತರುತ್ತಿದ್ದರು. ನನ್ನ ಫೋನ್ ತೆಗೆದುಕೊಂಡು ಅಮೇರಿಕದ ಪತ್ರಿಕೆಗಳನ್ನು ಹುಡುಕಿಸುತ್ತಿದ್ದರು. ಬೇರೆ ಪ್ರಶ್ನೆ ಬರೆಯುವುದನ್ನೇ ಬಿಟ್ಟರು. ಹಲಗೆಯ ಮೇಲೆ ಅದೊಂದೇ ಸಾಲು ವಾರ ವಾರವೂ ಉಳಿಯಿತು.

"ಬೇರೆ ಎಂತಾದ್ರೂ ಹೇಳಿ ಮಾಸ್ಟ್ರೇ," ಎಂದರು ಶೇಖರಣ್ಣ ಒಂದು ದಿನ. "ನಮಗೂ ಬೇಜಾರಾಯ್ತು."

"ಇದು ಮುಗೀಲಿ," ಎಂದರು ಮಾಸ್ಟ್ರು. ಧ್ವನಿಯಲ್ಲಿ ತಮಾಷೆ ಇರಲಿಲ್ಲ.

ದಸರಾ ಮುಗಿಯಿತು. ಸುಂಕ ಇಳಿಯಲಿಲ್ಲ. ಅಕ್ಟೋಬರ್ ಐದರ ಭಾನುವಾರ ನಾನು 'ತಪ್ಪು' ಎಂಬುದರ ಕೆಳಗೆ ಗೀಟು ಹಾಕಲು ಎದ್ದೆ. ಮಾಸ್ಟ್ರು ಕೈ ಅಡ್ಡ ಹಿಡಿದರು. "ಇನ್ನೊಂದು ವಾರ ನೋಡುವ." ಮೂವತ್ತೊಂದು ವರ್ಷ ಉತ್ತರಪತ್ರಿಕೆ ತಿದ್ದಿದವರು, ಕೊಟ್ಟ ಗಡುವು ಮೀರಿ ಒಂದು ವಾರ ಕೇಳಿದ್ದನ್ನು ನಾನು ಮೊದಲ ಸಲ ನೋಡಿದೆ.

ಆ ಒಂದು ವಾರದಲ್ಲೇ ಘಟಕಕ್ಕೆ ಬೀಗ ಬಿತ್ತು. ಗೋದಾಮಿನ ಎರಡು ಜಾಗ ಯಾವಾಗಲೋ ತುಂಬಿಹೋಗಿದ್ದವು. ಅಕ್ಟೋಬರ್ ಹನ್ನೆರಡರಂದು ಮಲ್ಲೇಶಣ್ಣ ಒಬ್ಬರೇ ಬಂದರು. ಮಾಸ್ಟ್ರ ಮುಂದೆ ಒಂದು ಪೊಟ್ಟಣ ಇಟ್ಟರು. ಒಳಗೆ ಒಂದು ಡಜನ್ ಚೌಕಳಿ ಬಟ್ಟೆ.

"ರೇಣವ್ವ ಕೊಟ್ಟಾಳ್ರಿ. ಕಡೀ ದಿನಾ ಹೊಲಿದದ್ದು. ಅಮೇರಿಕಕ್ಕ ಹೋಗಲಿಲ್ಲ, ಸರ್ ಮನೀಗರ ಹೋಗ್ಲಿ ಅಂದಳು."

ಮಾಸ್ಟ್ರು ಪೊಟ್ಟಣದ ಮೇಲೆ ಕೈಯಿಟ್ಟರು. "ಮಲ್ಲೇಶಿ, ನಾನು ಹೇಳಿದ್ದು..."

"ಬಿಡ್ರಿ ಸರ. ನೀವೇನ್ ಸುಂಕ ಹಾಕಿದ್ರೇನು?" ಮಲ್ಲೇಶಣ್ಣ ನಕ್ಕರು. ಹಲಗೆಯ ಕಡೆ ನೋಡಿ, "ಗೀಟ್ ಹಾಕಿಲ್ಲಲ್ಲ ಇನ್ನಾ? ಇರ್ಲಿ ಬಿಡ್ರಿ," ಎಂದರು. ಎಲ್ಲಿಗೆ ಹೋಗುತ್ತೀರಿ ಎಂದು ಕೇಳಿದೆ. "ನೋಡೂಣು ತಂಗಿ. ಎಲ್ಲೆ ಕೆಲಸೈತೋ ಅಲ್ಲೆ." ಅವರು ಮೆಟ್ಟಿಲಿಳಿದದ್ದು ಹತ್ತೂ ನಲವತ್ತಕ್ಕೆ. ಬುಧವಾರದಿಂದ ಅವರ ಫೋನ್ ಬಂದ್.

ಮಾಸ್ಟ್ರು ಮುಂದಿನ ಭಾನುವಾರ ಸುದ್ದಿ ಹೇಳಲಿಲ್ಲ. ಛತ್ರಿ ಹಿಡಿದು ನನ್ನನ್ನು ಕರೆದುಕೊಂಡು ಹೊರಟರು. ಭಿವಂಡಿಯ ಅವರ ಖೋಲಿಯಲ್ಲಿ ಬೇರೆ ಸಂಸಾರ ಬಂದಿತ್ತು. ಬೀಗ ಬಿದ್ದ ಘಟಕದ ಎದುರು ಚಹಾ ಕುಡಿಯುತ್ತಿದ್ದ ಹಳೆಯ ಸುಪರ್‌ವೈಸರ್, "ವೋ ಬಿಜಾಪುರ್‌ವಾಲಾ? ಸಬ್ ಗಯೇ ಮಾಸ್ಟರ್‌ಜೀ, ಕಿಸ್ ಕಿಸ್ ಕಾ ಪತಾ ರಖೂಂ?" ಎಂದ. ಎಲ್ಲರೂ ಹೋದರು, ಯಾರ ಯಾರ ವಿಳಾಸ ಇಟ್ಟುಕೊಳ್ಳಲಿ ಎಂದು.

ಅದರ ಮುಂದಿನ ವಾರ ಶಹಾಡಿಗೆ ಹೋದೆವು. ರೇಣಕ್ಕನ ಅಣ್ಣ ಬಾಗಿಲಲ್ಲೇ ನಿಂತು ಮಾತಾಡಿದರು. "ಊರಿಗೆ ಹೋಗಿಲ್ರಿ. ನಮ್ಮವ್ವ ದಿನಾ ಫೋನ್ ಮಾಡಿ ನನ್ನ ಕೇಳ್ತಾಳ. ಗೋದಾಮಿನ ಮುಕಾದಮ್‌ನ ಕೈಕಾಲ ಹಿಡದು ಎರಡು ಜಾಗಾ ಇಡಿಸಿದ್ದೆ. ಬರಲಿಲ್ಲ. ಯಾರೋ ಡೊಂಬಿವಲ್ಯಾಗ ಒಬ್ಬ ಮಾಸ್ತರ ಅದಾನಂತ, ಅವ ಅಮೇರಿಕದ ಭವಿಷ್ಯ ಹೇಳ್ತಾನಂತ. ಅವನ ಮಾತ ಕೇಳಿ ಕುಂತ್ರು. ನನಗೂ ಸಿಟ್ಟು ಬಂತು, ಬೈದೆ. ಅವತ್ತಿಂದ ಮಾತಿಲ್ಲ. ಆ ಮಾಸ್ತರನ್ನ ಕೇಳ್ರಿ ಹೋಗಿ, ಎಲ್ಲದಾರ ಅಂತ."

"ಆ ಮಾಸ್ಟ್ರು ನಾನೇ," ಎಂದರು ವಾಮನ ಮಾಸ್ಟ್ರು.

ಅವರು ಮಾಸ್ಟ್ರನ್ನು ಮೇಲಿಂದ ಕೆಳಗೆ ನೋಡಿದರು. ಒದ್ದೆ ಚಪ್ಪಲಿ, ಮೊಣಕಾಲವರೆಗೆ ಕೆಸರು ಸಿಡಿದ ಪಂಚೆ. ಬಯ್ಯುತ್ತಾರೆ ಎಂದುಕೊಂಡೆ. ಒಳಗೆ ಹೋಗಿ ಒಂದು ಸ್ಟೂಲು ತಂದು ಹಾಕಿದರು. "ಕೂಡ್ರಿ," ಎಂದರು, ಅಷ್ಟೇ. ಬಯ್ದಿದ್ದರೆ ಮಾಸ್ಟ್ರಿಗೆ ಹಗುರಾಗುತ್ತಿತ್ತು.

ನವೆಂಬರಿನಿಂದ ಮಾಜಿವಾಡಾಕ್ಕೆ ಹೋಗತೊಡಗಿದೆವು. ಅಲ್ಲಿಯ ನಾಕಾದಲ್ಲಿ ಬೆಳಿಗ್ಗೆ ಹೆದ್ದಾರಿಯ ಸೇತುವೆಯಡಿ ಕೂಲಿಯವರು ಕೆಲಸಕ್ಕೆ ಕಾದು ನಿಲ್ಲುತ್ತಾರೆ. ಕಲಬುರಗಿ, ರಾಯಚೂರಿನವರು ಬಹಳ. ಮೊದಲ ದಿನ ಮಾಸ್ಟ್ರು ಕನ್ನಡ ಕಿವಿಗೆ ಬಿದ್ದ ಕಡೆ ನಡೆದು, "ನಿಮ್ಮಲ್ಲಿ ಬಿಜಾಪುರದವರು ಯಾರಾದ್ರೂ ಉಂಟಾ?" ಎಂದು ಕೇಳಿದರು. ಇಪ್ಪತ್ತು ಮಂದಿ ಓಡಿ ಬಂದು ಸುತ್ತುವರಿದರು.

"ಎಷ್ಟ್ ಮಂದಿ ಬೇಕ್ರೀ ಸರ?"

"ಬಿಜಾಪುರದವ್ರೇ ಯಾಕ್ರಿ, ನಾವೂ ಮಾಡ್ತೀವ್ರಿ!"

"ಸ್ಲ್ಯಾಬ್ ಹಾಕೂದೇನ್ರಿ, ಮಣ್ಣ ಹೊರೂದೇನ್ರಿ?"

ಮಾಸ್ಟ್ರ ಬಳಿ ಕೊಡಲು ಯಾವ ಕೆಲಸವೂ ಇರಲಿಲ್ಲ. ಅವರು ಗುತ್ತಿಗೆದಾರರಲ್ಲ, ಒಂದು ಸಂಸಾರವನ್ನು ಹುಡುಕುತ್ತಿದ್ದೇವೆ ಎಂದು ನಾನು ಹೇಳಿದೆ. ಜನ ಬಂದಷ್ಟೇ ಬೇಗ ಚದುರಿದರು. ಒಬ್ಬ ಮುದುಕ ಮಾತ್ರ ನಿಂತು, "ಹೊಲಿಗಿ ಕೆಲಸ ಹೋದವ್ರು ಅಂದ್ರೆಲ್ಲ, ಪನವೇಲ್ ಕಡಿ ಕೇಳ್ರಿ, ಅಲ್ಲೆ ಕಟ್ಟೂ ಕೆಲಸ ಭಾಳ ನಡದಾವ," ಎಂದ. ಪನವೇಲಿಗೂ ಹೋದೆವು. ಉಲ್ವೆಗೂ ಹೋದೆವು. ತಗಡಿನ ಗುಡಿಸಲುಗಳ ಸಾಲಿನಲ್ಲಿ ಮಲ್ಲೇಶಿ ಎಂಬ ಇಬ್ಬರು ಸಿಕ್ಕರು. ಇಬ್ಬರೂ ನಮ್ಮವರಲ್ಲ.

ವಾಪಸು ಬರುವ ಒಂದು ಬಸ್ಸಿನಲ್ಲಿ ಮಾಸ್ಟ್ರು ಹೇಳಿದರು: "ಆ ಹತ್ತಿಯ ಪಾಠ ಎಷ್ಟು ಸಲ ಮಾಡಿದ್ದೇನೆ. ಹೊರುವವರು ಏನಾದ್ರು ಅಂತ ಕೇಳಿದ್ದು ಅವಳೊಬ್ಬಳೇ. ಪುಸ್ತಕದಲ್ಲಿ ಇಲ್ಲ ಅಂದೆ. ಎರಡು ತಿಂಗಳಲ್ಲಿ ಅವಳಿಗೇ ತೋರಿಸಿಕೊಟ್ಟೆ." ಬಸ್ಸಿನ ಟಿಕೆಟನ್ನು ಮಡಚುತ್ತ, "ಆ ಮಗುವಿಗೆ ಒತ್ತಕ್ಷರ ಅರ್ಧ ಆಗಿತ್ತು," ಎಂದರು.

ಫೆಬ್ರವರಿಯಲ್ಲಿ ಸುಂಕ ಇಳಿಸುವ ಸುದ್ದಿ ಬಂತು. ಅದರ ಮುಂದಿನ ಭಾನುವಾರ ಶೇಖರಣ್ಣ ಎಲ್ಲರಿಗೂ ಶೀರಾ ತರಿಸಿದ್ದರು. "ಮಾಸ್ಟ್ರೇ, ನೀವು ಹೇಳಿದ್ದು ಆಯ್ತಲ್ಲ! ಲೇಟಾಯ್ತು, ಆದ್ರೆ ಆಯ್ತು. ನಮ್ಮ ಕಲ್ಯಾಣ ಲೋಕಲ್ ಹಾಗೆ. ಹಾಕು ಮಗಾ, ಸರಿ ಅಂತ ಒಂದು ಗೀಟು!" ಅವರದು ಕೆಟ್ಟ ಮನಸ್ಸಲ್ಲ. ನಾಲ್ಕು ತಿಂಗಳಿಂದ ಮುಖ ಎತ್ತದ ಮನುಷ್ಯನನ್ನು ಎತ್ತಬೇಕಿತ್ತು ಅವರಿಗೆ.

ನಾನು ಚಾಕ್ ಹಿಡಿದು ನಿಂತೆ. ಮಾಸ್ಟ್ರು ಹಲಗೆಯ ಹತ್ತಿರ ಬಂದು ಆ ಹಳೆಯ ಸಾಲನ್ನು ನೋಡಿದರು.

"ದಸರಾದೊಳಗೆ ಅಂತ ಬರ್ದದ್ದು ನಾನು. ದಸರಾದೊಳಗೆ ಅಂತ ನಂಬಿದ್ದು ಅವ. ನನಗೆ ನಾಲ್ಕು ತಿಂಗಳು ತಪ್ಪಿದ್ರೆ ಎಂಥ ಆಗ್ತದೆ ಶೇಖರ? ಇತಿಹಾಸದಲ್ಲಿ ಅದು ಒಂದು ಸಾಲು ಕೂಡ ಅಲ್ಲ. ಅವರಿಗೆ ಖೋಲಿ ಹೋಯ್ತು, ಮಿಶನ್ ಹೋಯ್ತು, ಮಗುವಿನ ಶಾಲೆ ಹೋಯ್ತು. ಗೀಟು ಹಾಕ್ಬೇಡ. ಅವ ಬಂದು ಹಾಕ್ಲಿ. ಎಲ್ಲಿ ಹಾಕ್ತಾನೋ ಅಲ್ಲಿ."

ಶೀರಾವನ್ನು ಯಾರೂ ಮುಟ್ಟಲಿಲ್ಲ.

ಅಕ್ಟೋಬರಿನಿಂದ ಇವತ್ತಿನವರೆಗೆ ಭಾನುವಾರದ ಸುದ್ದಿ ನಿಂತೇ ಇದೆ. ಅಮೇರಿಕದಲ್ಲಿ ಏನೇನೋ ಆಗುತ್ತಿದೆ. ಜನ ಕೇಳಿದರೆ ಮಾಸ್ಟ್ರು, "ನನಗೆ ಗೊತ್ತಿಲ್ಲ," ಎನ್ನುತ್ತಾರೆ. ಬೆಳಿಗ್ಗೆ ಏಳಕ್ಕೆ ಮಾಜಿವಾಡಾದ ನಾಕಾಕ್ಕೆ ಹೋಗುತ್ತಾರೆ. ಈಗ ಅಲ್ಲಿಯ ಕೂಲಿಯವರು ಅವರನ್ನು ನೋಡಿ ಓಡಿ ಬರುವುದಿಲ್ಲ, "ಇಲ್ರಿ ಸರ, ಬಂದಿಲ್ರಿ," ಎಂದು ದೂರದಿಂದಲೇ ಕೈ ಆಡಿಸುತ್ತಾರೆ. ಏಪ್ರಿಲಿನಲ್ಲಿ ಸೇತುವೆಯ ಕೆಳಗೆ ಸೆಕೆಗೆ ಎರಡು ಸಲ ತಲೆಸುತ್ತಿ ಕೂತರು. ಬೇಡ ಎಂದರೆ ಕೇಳುವುದಿಲ್ಲ. ಅವರು ತುಂಬ ಇಳಿದುಹೋಗಿದ್ದಾರೆ. ಇನ್ನೊಂದು ಮಳೆಗಾಲ ಹೀಗೆ ಅಲೆದರೆ ಉಳಿಯುತ್ತಾರೆಂಬ ಧೈರ್ಯ ನನಗಿಲ್ಲ.

ಮೇ ಕೊನೆಯ ವಾರ ಭಿವಂಡಿಯ ಆ ಘಟಕದ ಬೀಗ ತೆಗೆದರು. ಸುಪರ್‌ವೈಸರನೇ ಫೋನ್ ಮಾಡಿದ. ಅಂಚು ಹೊಲಿಯುವ ಹಳೆಯ ಕೈಗಳು ಬೇಕಂತೆ. ರೇಣಕ್ಕನ ಮಿಶನ್ ಕಿಟಕಿಯ ಪಕ್ಕದಲ್ಲಿ ಹಾಗೇ ಇದೆಯಂತೆ. ಮಾಸ್ಟ್ರು ಅವತ್ತೇ ಹೋಗಿ ಅವನ ಎದುರು ಕೈಮುಗಿದು ನಿಂತರು. ಜೂನ್ ಮುಗಿಯುವವರೆಗೆ ಅವರಿಬ್ಬರ ಜಾಗ ಇಡುತ್ತೇನೆ, ಆಮೇಲೆ ಆಗುವುದಿಲ್ಲ ಎಂದಿದ್ದಾನೆ. ಇವತ್ತು ಏಳು.

ಇದು ಊಹೆಯಲ್ಲ. ನಾನು ಮಿಶನ್ನನ್ನು ಕಣ್ಣಾರೆ ಕಂಡು ಬಂದು ಬರೆಯುತ್ತಿದ್ದೇನೆ.

ಮಲ್ಲೇಶಣ್ಣನಿಗೆ ನಲವತ್ತರ ಆಸುಪಾಸು, ಎತ್ತರದ ಆಳು, ನಕ್ಕರೆ ಎಡಗಡೆಯ ಒಂದು ಹಲ್ಲಿಲ್ಲದ್ದು ಕಾಣುತ್ತದೆ. ರೇಣಕ್ಕ ಸೊಂಟದ ಮೇಲೆ ಕೈಯಿಟ್ಟು ನಿಲ್ಲುತ್ತಾರೆ. ಭಾಗ್ಯ ಈಗ ಎಂಟನೆಯ ಕ್ಲಾಸಿನಲ್ಲಿರಬೇಕು, ಶಾಲೆ ಬಿಟ್ಟಿಲ್ಲವಾದರೆ. ಪನವೇಲ್, ತಳೋಜಾ, ಪುಣೆ, ಸೋಲಾಪುರ, ಎಲ್ಲಿಯಾದರೂ ಕಟ್ಟಡದ ಕೆಲಸದಲ್ಲೋ ಗೋದಾಮಿನಲ್ಲೋ ಇವರನ್ನು ಕಂಡವರು ದಯವಿಟ್ಟು ಈ ಪತ್ರಿಕೆಯ ವಿಳಾಸಕ್ಕೆ ಒಂದು ಸಾಲು ಬರೆಯಿರಿ. ನಿಮ್ಮ ಪಕ್ಕದಲ್ಲಿ ಕೆಲಸ ಮಾಡುವ ಯಾರಿಗಾದರೂ ಕನ್ನಡ ಓದಲು ಬಾರದಿದ್ದರೆ ಇದನ್ನು ಓದಿ ಹೇಳಿರಿ. ಭಾಗ್ಯ, ಇದು ನಿನ್ನ ಕಣ್ಣಿಗೇ ಬಿದ್ದರೆ, ಒತ್ತಕ್ಷರ ಬರುವಲ್ಲಿ ನಿಧಾನಕ್ಕೆ ಓದು. ಆಮೇಲೆ ಅಪ್ಪನಿಗೆ ಹೇಳು: ಹಲಗೆಯ ಮೇಲೆ ಗೀಟು ಇನ್ನೂ ಹಾಕಿಲ್ಲ.